ಎರಡನೇ ಬ್ಯಾಚಿನ ಇಲಿಗಳು

ಸಂಕ್ರಾಂತಿ ಕಳೆದ ವಾರ ನಮ್ಮ ಲ್ಯಾಬಿನಲ್ಲಿ ಎಲಿಸಾ ಪ್ಲೇಟಿನ ಮುಂದೆ ಕಾಯುತ್ತಾ ನಿಂತಿದ್ದೆ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಸಾಲುಸಾಲಾಗಿ ಪುಟ್ಟ ಗುಳಿಗಳು, ಒಂದೊಂದು ಗುಳಿಯಲ್ಲಿ ಒಂದೊಂದು ಇಲಿಯ ಮೂತ್ರದ ಹನಿ. ಮೈಗೆ ಸೇರಿದ ನಿಕೋಟಿನ್ ಕಾಟಿನಿನ್ ಎಂಬ ವಸ್ತುವಾಗಿ ಮೂತ್ರದಲ್ಲಿ ಹೊರಬರುತ್ತದೆ. ಅದು ಎಷ್ಟಿದೆ ಎಂಬುದನ್ನು ಈ ತಟ್ಟೆ ಬಣ್ಣದಲ್ಲಿ ಹೇಳುತ್ತದೆ. ಲೆಕ್ಕ ಮಾತ್ರ ತಿರುಗುಮುರುಗು: ಕಾಟಿನಿನ್ ಹೆಚ್ಚಿದ್ದಷ್ಟೂ ಬಣ್ಣ ತೆಳು, ಇಲ್ಲದಿದ್ದರೆ ಗಾಢ ಹಳದಿ.

ನಿಕೋಟಿನ್ ಕೊಟ್ಟ ಇಲಿಗಳ ಗುಳಿಗಳು ನೀರಿನಂತೆ ತಿಳಿಯಾಗಿದ್ದವು. ಅದು ಸರಿ. ಬರೀ ಸೆಲೈನ್, ಅಂದರೆ ಉಪ್ಪುನೀರಿನ ಇಂಜೆಕ್ಷನ್ ಪಡೆದ, ಹೋಲಿಕೆಗೆಂದಿಟ್ಟ ಕಂಟ್ರೋಲ್ ಗುಂಪಿನ ಗುಳಿಗಳು ಗಾಢ ಹಳದಿಗೆ ತಿರುಗಬೇಕಿತ್ತು. ತಿರುಗಿದ್ದವು, ಆದರೆ ಪಕ್ಕದಲ್ಲಿದ್ದ ಶುದ್ಧ ದ್ರಾವಣದ ಗುಳಿಯಷ್ಟು ಗಾಢವಾಗಿರಲಿಲ್ಲ. ಕಣ್ಣಿಗೆ ಕಾಣುವುದೋ ಬಿಡುವುದೋ ಎನ್ನುವಷ್ಟು ವ್ಯತ್ಯಾಸ. ಯಂತ್ರದಲ್ಲಿಟ್ಟು ಓದಿಸಿದೆ. ಅದೂ ಅದನ್ನೇ ಹೇಳಿತು. ನಿಕೋಟಿನ್ನಿನ ಸೋಂಕೇ ಇರಬಾರದ ಇಲಿಗಳ ಮೈಯಲ್ಲಿ ಅಷ್ಟಿಷ್ಟು ನಿಕೋಟಿನ್ ಇತ್ತು.

ತುಮಕೂರಿನ ಹೊರವಲಯದ ಒಂದು ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಾ ನಾನು ಪಿಎಚ್‌ಡಿ ಮಾಡುತ್ತಿದ್ದ ಕಾಲವದು. ಹರೆಯಕ್ಕೆ ಬರುತ್ತಿರುವ ಇಲಿಗಳಿಗೆ ದಿನವೂ ಸ್ವಲ್ಪ ಸ್ವಲ್ಪ ನಿಕೋಟಿನ್ ಕೊಡುತ್ತಾ ಹೋದರೆ ಅವುಗಳ ನಡವಳಿಕೆ ಹೇಗೆ ಬದಲಾಗುತ್ತದೆ, ಅದರ ಜೊತೆಗೆ ಮಿದುಳಿನ ಕೋಶಗಳ ಆಕಾರ ಹೇಗೆ ಬದಲಾಗುತ್ತದೆ, ಕೊಡುವುದನ್ನು ನಿಲ್ಲಿಸಿದ ಮೇಲೂ ಆ ಬದಲಾವಣೆ ಉಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ನರಕೋಶವೆಂದರೆ ಗಿಡದ ಹಾಗೆ. ನಡುವೆ ಒಂದು ಗಡ್ಡೆ, ಸುತ್ತ ಕವಲುಗಳು, ಕವಲುಗಳ ಮೈತುಂಬ ಸಣ್ಣ ಮುಳ್ಳುಗಳು. ಬೇರೆ ಕೋಶಗಳಿಂದ ಬರುವ ಸುದ್ದಿಯನ್ನು ಹಿಡಿಯುವುದು ಈ ಕವಲು, ಮುಳ್ಳುಗಳೇ. ಬಯಕೆಗೂ ಅಭ್ಯಾಸಕ್ಕೂ ಸಂಬಂಧಪಟ್ಟ ಒಂದು ಪುಟ್ಟ ಜಾಗ ಮಿದುಳಿನ ಬುಡದಲ್ಲಿದೆ. ಅಲ್ಲಿನ ಕೋಶಗಳ ಕವಲುಗಳನ್ನು ನಾನು ಎಣಿಸಬೇಕಿತ್ತು. ಎರಡು ಗುಂಪನ್ನು ಹೋಲಿಸುವುದೇ ಇಡೀ ಕೆಲಸ. ಅದರಲ್ಲಿ ಒಂದು ಗುಂಪೇ ಕೆಟ್ಟರೆ ಏನೂ ಉಳಿಯುವುದಿಲ್ಲ.

ಮೊದಲು ನನ್ನ ಕೈಯನ್ನೇ ಅನುಮಾನಿಸಿದೆ. ಹೊಸ ಮಾದರಿ ತೆಗೆದು, ಹೊಸ ಪ್ಲೇಟು ಹಾಕಿದೆ. ಅದೇ ಫಲಿತಾಂಶ. ಸಿರಿಂಜುಗಳು ಅದಲುಬದಲಾಗಿರಬಹುದೇ ಎಂದು ನೋಡಿದೆ. ಎರಡು ಗುಂಪಿಗೂ ಬೇರೆ ಬೇರೆ ಟ್ರೇ, ಬೇರೆ ಬಣ್ಣದ ಪಟ್ಟಿ, ಇಂಜೆಕ್ಷನ್ ಕೊಡುವವಳು ನಾನೊಬ್ಬಳೇ. ನೀರಿನ ಬಾಟಲಿ, ಹೊಟ್ಟಿನ ಹಾಸು, ತಿನಿಸು ಎಲ್ಲವನ್ನೂ ನೋಡಿದೆ. ಎಲ್ಲೂ ಸುಳಿವು ಸಿಗಲಿಲ್ಲ.

ಒಂದು ಬೆಳಿಗ್ಗೆ ಅನಿಮಲ್ ಹೌಸಿನ ಬಾಗಿಲಿಗೆ ಹೋದಾಗ ಇಲಿಗಳನ್ನು ನೋಡಿಕೊಳ್ಳುವ ಅಣ್ಣ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಎಡ ಅಂಗೈಯಲ್ಲಿ ಹೊಗೆಸೊಪ್ಪು, ಮೇಲೊಂದು ಚಿಟಿಕೆ ಸುಣ್ಣ, ಬಲಗೈ ಹೆಬ್ಬೆರಳಿನಿಂದ ತಿಕ್ಕುತ್ತಿದ್ದರು. ದಿನವೂ ನೋಡುತ್ತಿದ್ದ ನೋಟವೇ. ತಿಕ್ಕಿ, ಕೊಡವಿ, ತುಟಿಯೊಳಗಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಅವರು ಒಳಗೆ ಹೋದರು. ಹಿಂದೆಯೇ ನಾನೂ ಹೋದೆ. ಕಂಟ್ರೋಲ್ ಸಾಲಿನ ಪಂಜರ ತೆಗೆದು ಒಂದು ಇಲಿಯನ್ನು ಬರಿಗೈಯಲ್ಲಿ ಎತ್ತಿ, ಮೈದಡವಿ, ತೂಕದ ತಕ್ಕಡಿಯ ಮೇಲೆ ಬಿಟ್ಟರು. ಇಲಿ ತಕ್ಕಡಿಯ ಮೇಲೆ ಕೂತು, ಎಲ್ಲ ಇಲಿಗಳೂ ಮಾಡುವಂತೆ, ತನ್ನ ಮೈಯನ್ನು ನೆಕ್ಕಿ ನೆಕ್ಕಿ ಶುಚಿ ಮಾಡಿಕೊಳ್ಳತೊಡಗಿತು.

ಅನುಮಾನವನ್ನು ಬಾಯಿಬಿಟ್ಟು ಹೇಳುವ ಮೊದಲು ಪರೀಕ್ಷಿಸಬೇಕಿತ್ತು. ಕಂಟ್ರೋಲ್ ಪಂಜರಗಳಲ್ಲಿ ಅರ್ಧದಷ್ಟನ್ನು ಒಂದು ವಾರ ನಾನೊಬ್ಬಳೇ ನೋಡಿಕೊಳ್ಳುತ್ತೇನೆ, ಅವನ್ನು ಮುಟ್ಟಬೇಡಿ ಎಂದು ಅಣ್ಣನಿಗೆ ಹೇಳಿದೆ. ಅವರ ಮುಖ ಬಾಡಿತು.

"ಯಾಕ್ ಮೇಡಂ, ನಾನೇನಾರ ತಪ್ ಮಾಡಿದ್ನಾ?"

ಇನ್ನೂ ಗೊತ್ತಿಲ್ಲ ಅಣ್ಣ, ಗೊತ್ತಾದ ಮೇಲೆ ಮೊದಲು ನಿಮಗೇ ಹೇಳುತ್ತೇನೆ ಎಂದೆ.

ವಾರ ಕಳೆದ ಮೇಲೆ ಹಾಕಿದ ಪ್ಲೇಟಿನಲ್ಲಿ ನಾನು ನೋಡಿಕೊಂಡ ಇಲಿಗಳ ಗುಳಿಗಳು ಗಾಢ ಹಳದಿ. ಅಣ್ಣ ನೋಡಿಕೊಂಡವು ಹಿಂದಿನಂತೆಯೇ ತುಸು ತೆಳು. ಆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ಉತ್ತರ ಸಿಕ್ಕಿತೆಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣವೇ ಇಡೀ ಬ್ಯಾಚು ಕೆಟ್ಟಿತೆಂಬುದು ಹೊಳೆಯಿತು.

ನನ್ನ ಗೈಡ್ ಗುಬ್ಬಿ ಊರಿನವರು. ಅಣ್ಣ ಅವರನ್ನು ದೊಡ್ಮೇಡಂ ಎನ್ನುತ್ತಿದ್ದರು, ನನ್ನನ್ನು ಬರೀ ಮೇಡಂ. ಭಾನುವಾರಗಳಲ್ಲಿ ದೊಡ್ಡ ಮೇಡಂ ಊರ ಹೊರಗಿನ ತೆಂಗಿನ ತೋಟದ ಮನೆಯಲ್ಲಿರುತ್ತಿದ್ದರು. ಸೋಮವಾರದವರೆಗೆ ಕಾಯಲಾಗದೆ ಬೆಳಗಿನ ರೈಲು ಹತ್ತಿ ಗುಬ್ಬಿಗೆ ಹೋದೆ. ಅವರು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅಂಗಳದಲ್ಲಿ ಇಬ್ಬರು ಆಳುಗಳು ಕಾಯಿ ಸುಲಿಯುತ್ತಿದ್ದರು. ನಾನು ಪ್ಲೇಟಿನ ಅಂಕಿಗಳನ್ನು ತೋರಿಸಿ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ನೋಡಿದರು. ನನ್ನನ್ನು ಬೈಯಲಿಲ್ಲ. ವಾರದ ಪರೀಕ್ಷೆ ಮಾಡಿದ ರೀತಿ ಸರಿಯಾಗಿದೆ ಎಂದರು. ಆಮೇಲೆ ಬಹಳ ಹೊತ್ತು ಅವರೆಕಾಯಿ ಬಿಡಿಸಿದರು.

"ನೋಡು, ತೀರ ಸ್ವಲ್ಪ ಇದೆ ಇದು. ಎಷ್ಟೋ ಜನ ಇದನ್ನ ಬರೆಯೋದೇ ಇಲ್ಲ ಕಣಮ್ಮ. ನೀನು ಬಿಟ್ಟು ಬರೆದ್ರೂ ಯಾರಿಗೂ ಗೊತ್ತಾಗಲ್ಲ. ಮೊದಲಿಂದ ಮಾಡೋಣ ಅಂದ್ರೆ ಮರಿ ಹುಟ್ಟಬೇಕು, ಬೆಳೀಬೇಕು. ಮುಂದಿನ ವರ್ಷ ನಾನು ರಿಟೈರ್ ಆಗ್ತೀನಿ. ಅಷ್ಟರಲ್ಲಿ ಮುಗಿಯದಿದ್ರೆ ನೀನು ಬೇರೆ ಗೈಡ್ ಹುಡುಕಬೇಕು, ಅವರು ಏನಂತಾರೋ ಗೊತ್ತಿಲ್ಲ. ಎಲ್ಲ ಯೋಚನೆ ಮಾಡಿ ನೀನೇ ಹೇಳು."

ಅವರು ನನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದು ನನಗನ್ನಿಸಲಿಲ್ಲ. ಅವರಿಗೂ ಆಸೆಯಿತ್ತು. ಅವರ ಕೈಕೆಳಗಿನ ಕೊನೆಯ ವಿದ್ಯಾರ್ಥಿನಿ ನಾನು.

"ಅದಕ್ಕೆ ಕಂಟ್ರೋಲ್ ಅಂತ ಹೆಸರಿಟ್ಟು ಒಳಗೆ ನಿಕೋಟಿನ್ ಇದ್ರೆ, ನಾನು ಯಾವುದನ್ನ ಯಾವುದಕ್ಕೆ ಹೋಲಿಸಲಿ ಮೇಡಂ? ಈ ಬ್ಯಾಚ್ ಬಿಡೋಣ. ಮೊದಲಿಂದ ಮಾಡ್ತೀನಿ."

ಅವರು ಮೊರದಲ್ಲಿದ್ದ ಕಾಳನ್ನು ಒಮ್ಮೆ ಕೇರಿದರು. "ಸರಿ ಹಾಗಾದ್ರೆ. ನಾಳೇನೇ ಇಲಿ ಜೋಡಿ ಮಾಡು. ಈಗ ಊಟ ಮಾಡ್ಕೊಂಡು ಹೋಗು."

ಹೊಸ ಬ್ಯಾಚಿಗೆ ಪ್ರಾಣಿಪ್ರಯೋಗಗಳ ಎಥಿಕ್ಸ್ ಸಮಿತಿಯ ಅನುಮತಿಯನ್ನು ಮತ್ತೆ ಕೇಳಬೇಕಿತ್ತು. ಏಕೆ ಬೇಕು ಎಂಬ ಕಾರಣವನ್ನೂ ಬರೆಯಬೇಕಿತ್ತು. ಮುಚ್ಚಿಡುವಂತಿರಲಿಲ್ಲ. ಕಾರಣ ಓದಿದ ಆಡಳಿತ ವಿಭಾಗದ ಅಧಿಕಾರಿ ಅಂದೇ ಸಂಜೆ ನನ್ನನ್ನೂ ದೊಡ್ಡ ಮೇಡಂರನ್ನೂ ಕರೆದು, ಆ ಮನುಷ್ಯನನ್ನು ತೆಗೆದು ಬೇರೆಯವರನ್ನು ಕಳಿಸಲು ಗುತ್ತಿಗೆದಾರನಿಗೆ ಹೇಳುತ್ತೇನೆ ಎಂದರು. ಕಾಯಂ ನೌಕರಿಯಲ್ಲ, ಒಂದು ಫೋನಿನಲ್ಲಿ ಮುಗಿಯುವ ವಿಷಯ.

ಅಣ್ಣ ಕುಣಿಗಲ್ ತಾಲ್ಲೂಕಿನವರು, ಹುತ್ರಿದುರ್ಗದ ಬೆಟ್ಟದ ಕೆಳಗಿನ ಹಳ್ಳಿ. ಊರಲ್ಲಿ ರಾಗಿ ಹೊಲ, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗಳು. ಇಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ವಾರಕ್ಕೊಮ್ಮೆ ಊರಿಗೆ ಹೋಗಿ ಬರುತ್ತಿದ್ದರು. ಇಲಿಗಳು ಅವರ ಕೈಯಲ್ಲಿ ಇರುವಷ್ಟು ಸಮಾಧಾನವಾಗಿ ಬೇರೆ ಯಾರ ಕೈಯಲ್ಲೂ ಇರುತ್ತಿರಲಿಲ್ಲ. ನಡವಳಿಕೆಯ ಪ್ರಯೋಗದಲ್ಲಿ ಅದು ಸಣ್ಣ ವಿಷಯವಲ್ಲ. ಹೆದರಿದ ಇಲಿಯ ಓಟಕ್ಕೂ ನಿಕೋಟಿನ್ನಿನ ಓಟಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ.

ಹೊಸಬರು ಬಂದರೂ ಅವರ ಜೇಬಿನಲ್ಲಿ ಏನಿರುತ್ತದೋ ನಮಗೆ ಗೊತ್ತಿರುವುದಿಲ್ಲ, ಇವರದ್ದಾದರೆ ಗೊತ್ತಿದೆ ಎಂದು ನಾನು ಅಧಿಕಾರಿಗೆ ಹೇಳಿದೆ. ತಂಬಾಕಿನ ಬಗ್ಗೆ ಸಂಶೋಧನೆ ಮಾಡುವ ವಿಭಾಗವೇ ತಂಬಾಕು ತಿನ್ನುವ ಒಬ್ಬನನ್ನು ಹೊರಗೆ ಹಾಕಿ ಕೈ ತೊಳೆದುಕೊಂಡರೆ ನಾವು ಕಲಿತದ್ದೇನು ಎಂದು ದೊಡ್ಡ ಮೇಡಂ ಕೇಳಿದರು. ಅಧಿಕಾರಿ ಒಪ್ಪಿದರು, ಆದರೆ ಜವಾಬ್ದಾರಿಯನ್ನು ನನ್ನ ಮೇಲೆ ಹೊರಿಸಿದರು. ಎರಡನೇ ಸಲವೂ ಹೀಗಾದರೆ ಮೂರನೇ ಬ್ಯಾಚಿನ ಮಾತೇ ಇಲ್ಲ ಎಂದೂ ಹೇಳಿದರು.

ಮಾತು ಕೊಟ್ಟಂತೆ ಅಣ್ಣನಿಗೆ ನಾನೇ ವಿಷಯ ಹೇಳಿದೆ. ಪಂಜರಗಳ ನಡುವೆ ನಿಂತು ಕೇಳಿಸಿಕೊಂಡರು. ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಹಂಗಾರೆ ಇವೆಲ್ಲ ನನ್ ಕೈಯಿಂದ ದಂಡವಾದ್ವಾ?"

ಪೂರ್ತಿ ದಂಡವಲ್ಲ ಎಂದೆ. ಮಿದುಳಿಗೆ ಬಣ್ಣ ಹಿಡಿಸುವ ಕಷ್ಟದ ವಿಧಾನವನ್ನು ನಾನು ಇನ್ನೂ ಕಲಿಯಬೇಕಿತ್ತು, ಈ ಬ್ಯಾಚಿನಲ್ಲಿ ಅದನ್ನು ಕಲಿಯುತ್ತೇನೆ ಎಂದು ವಿವರಿಸಿದೆ. ಮುಂದೆ ಇಲ್ಲೇ ಕೆಲಸ ಮಾಡಬೇಕಾದರೆ ಒಳಗೆ ಬರುವ ಮೊದಲು ಬಟ್ಟೆ ಬದಲಿಸಬೇಕು, ಕೈ ತೊಳೆಯಬೇಕು, ಗ್ಲೌಸ್ ಹಾಕಬೇಕು ಎಂದೆ. ಅವರು ತಲೆಯಾಡಿಸಿದರು. ಎರಡು ದಿನ ಬಿಟ್ಟು ಬಂದು, ಅದೆಲ್ಲ ಮಾಡ್ತೀನಿ, ಅದರ ಜೊತೆಗೆ ಹೊಗೆಸೊಪ್ಪನ್ನೇ ಬಿಡ್ತೀನಿ ಎಂದರು. ಮದುವೆಗೆ ಮುಂಚಿನಿಂದ ಇದ್ದ ಅಭ್ಯಾಸವದು. ಅಷ್ಟು ಸುಲಭವಲ್ಲ ಅಣ್ಣ ಎಂದೆ. "ಗೊತ್ತು" ಎಂದಷ್ಟೇ ಹೇಳಿದರು.

ಹೊಸ ಮರಿಗಳು ಹುಟ್ಟಿ, ತಾಯಿಹಾಲು ಬಿಡುವವರೆಗೆ ನಮಗಿಬ್ಬರಿಗೂ ಸಮಯವಿತ್ತು. ಆ ತನಕ ಜೋಡಿ ಇಲಿಗಳನ್ನು ನಾನು ನೋಡಿಕೊಂಡೆ, ಅವರು ಹೊರಗಿನ ಕೆಲಸ ಮಾಡಿದರು. ಬಾಟಲಿ ತೊಳೆಯುವುದು, ಪಂಜರ ಬಿಸಿನೀರಿಗೆ ಹಾಕುವುದು, ಹೊಟ್ಟು ಒಣಗಿಸುವುದು. ಅದೇ ಹೊತ್ತಿಗೆ ನಾನು ಗಾಲ್ಗಿ ಬಣ್ಣದ ಜೊತೆ ಸೆಣಸುತ್ತಿದ್ದೆ.

ಅದು ಹಳೆಯ ವಿಧಾನ. ಪಾದರಸದ ಉಪ್ಪು, ಕ್ರೋಮಿಯಮ್ಮಿನ ಉಪ್ಪುಗಳನ್ನು ಬೆರೆಸಿದ ಕಿತ್ತಳೆ ಬಣ್ಣದ ದ್ರಾವಣದಲ್ಲಿ ಮಿದುಳನ್ನು ಮುಳುಗಿಸಿ ಕತ್ತಲಲ್ಲಿ ವಾರಗಟ್ಟಲೆ ಇಡಬೇಕು. ನೂರಾರು ಕೋಶಗಳಲ್ಲಿ ಎಲ್ಲೋ ಕೆಲವು ಮಾತ್ರ ಬಣ್ಣ ಹೀರುತ್ತವೆ. ಆದರೆ ಹೀರಿದ್ದು ಪೂರ್ತಿ ಹೀರುತ್ತದೆ, ಕವಲಿನ ತುದಿಯ ಮುಳ್ಳಿನವರೆಗೆ. ಹಳದಿ ಹಿನ್ನೆಲೆಯಲ್ಲಿ ಕಪ್ಪು ಗಿಡವೊಂದು ಒಂಟಿಯಾಗಿ ನಿಂತಂತೆ ಕಾಣುತ್ತದೆ. ಎಲ್ಲ ಕೋಶಗಳೂ ಕಪ್ಪಾದರೆ ಬರೀ ಪೊದೆ, ಏನೂ ತಿಳಿಯದು.

ನನ್ನ ಮೊದಲ ಸ್ಲೈಡುಗಳಲ್ಲಿ ಗಿಡವೂ ಇರಲಿಲ್ಲ, ಪೊದೆಯೂ ಇರಲಿಲ್ಲ. ಕರಿ ಮರಳು ಚೆಲ್ಲಿದಂತೆ ಬರೀ ಹರಳು. ಎರಡನೇ ಸಲ ಹೋಳುಗಳು ಬಿರುಕು ಬಿಟ್ಟವು. ಆಗಲೇ ಬೇಸಿಗೆ ಕಾಲಿಟ್ಟಿತ್ತು, ಮಧ್ಯಾಹ್ನ ಕರೆಂಟು ಹೋದರೆ ಲ್ಯಾಬು ಬಿಸಿಯೇರುತ್ತಿತ್ತು. ಶೀಷೆಗಳನ್ನಿಟ್ಟಿದ್ದ ಬೀರುವಿನ ಬಾಗಿಲ ಸಂದಿಯಿಂದ ಬೆಳಕು ಬೀಳುತ್ತಿರುವುದು ಗೊತ್ತಾಯಿತು. ಮನೆಯಿಂದ ದಪ್ಪನೆಯ ಕರಿ ಬಟ್ಟೆ ತಂದು ಶೀಷೆಗಳಿಗೆ ಸುತ್ತಿ, ಒಳಕೋಣೆಯ ನೆಲದ ಮೇಲಿಟ್ಟೆ. ಹರಳು ಕಡಿಮೆಯಾಯಿತು, ಕೋಶ ಮಾತ್ರ ಕಾಣಲಿಲ್ಲ. ಕೊನೆಗೆ ಒಂದೊಂದೇ ಹಂತವನ್ನು ಮತ್ತೆ ಓದುವಾಗ ಕಾರಣ ಸಿಕ್ಕಿತು. ಆ ದ್ರಾವಣಕ್ಕೆ ಲೋಹ ತಾಕಬಾರದು. ಸ್ಟೀಲಿನ ಚಿಮಟದಿಂದ ಮಿದುಳನ್ನು ಎತ್ತಿ ಹಾಕುತ್ತಿದ್ದೆ. ಚಿಮಟ ಬಿಟ್ಟು ಪ್ಲಾಸ್ಟಿಕ್ ಚಮಚ ಹಿಡಿದೆ, ಮರುದಿನವೇ ದ್ರಾವಣ ಬದಲಿಸಿದೆ. ಮುಂದಿನ ಸ್ಲೈಡಿನ ಮೂಲೆಯಲ್ಲಿ ಒಂದು ಕೋಶ ಪೂರ್ತಿಯಾಗಿ ನಿಂತಿತ್ತು. ಎದ್ದು ಹೋಗಿ ದೊಡ್ಡ ಮೇಡಂರನ್ನು ತರಗತಿಯಿಂದಲೇ ಕರೆದುಕೊಂಡು ಬಂದೆ.

ಅಣ್ಣನ ಸೆಣಸಾಟ ನನ್ನದಕ್ಕಿಂತ ದೊಡ್ಡದಿತ್ತು. ಮೊದಲ ವಾರ ತಲೆನೋವು, ಸಿಟ್ಟು. ಗೇಟಿನ ವಾಚ್‌ಮನ್ ಜೊತೆ ಸುಮ್ಮಸುಮ್ಮನೆ ಜಗಳವಾಡಿದರು. ಒಂದು ಟ್ರೇ ಬಾಟಲಿ ಕೈಜಾರಿ ಒಡೆಯಿತು. ನಡುವೆ ಒಮ್ಮೆ ಊರಿಗೆ ಹೋದವರು ಅಲ್ಲಿ ಮತ್ತೆ ಹಾಕಿಕೊಂಡರು. ಸೋಮವಾರ ಬಂದು ಮುಖ ತಗ್ಗಿಸಿ ತಾವೇ ಹೇಳಿದರು. ನಾನು ಅವರನ್ನು ಕಾಲೇಜಿನ ಆಸ್ಪತ್ರೆಯ ತಂಬಾಕು ಬಿಡಿಸುವ ವಿಭಾಗಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಆಪ್ತಸಮಾಲೋಚಕರು ಸಮಾಧಾನವಾಗಿ ಮಾತಾಡಿ, ಬಿಟ್ಟ ಮೇಲೆ ಜಾರುವುದು ಇದರಲ್ಲಿ ಸಹಜ, ಮತ್ತೆ ಶುರು ಮಾಡಿ ಎಂದರು. ಅಗಿಯಲು ನಿಕೋಟಿನ್ ಗಮ್ ಕೊಟ್ಟರು. ಗಮ್ಮಿನಲ್ಲೂ ಅದೇ ಇದೆಯಲ್ಲ ಎಂದು ಅಣ್ಣ ಗಾಬರಿಯಾದರು. ಮರಿಗಳು ಬರುವ ತನಕ ಅಗಿಯಿರಿ, ಮೆಲ್ಲಗೆ ಕಡಿಮೆ ಮಾಡಿ, ಇಲಿಗಳ ಹತ್ತಿರ ಬರುವ ಹೊತ್ತಿಗೆ ನಿಲ್ಲಿಸಿ ಎಂದೆ.

ಅಷ್ಟರಲ್ಲಿ ರಂಜಾನ್ ಬಂತು. ನಾನು ರೋಜಾ ಹಿಡಿದು ಮಧ್ಯಾಹ್ನದ ಸೆಖೆಯಲ್ಲಿ ಮಿದುಳಿನ ಹೋಳು ಕತ್ತರಿಸುತ್ತಿದ್ದುದನ್ನು ನೋಡಿ ಅಣ್ಣ ಬಾಗಿಲಲ್ಲಿ ನಿಂತರು.

"ನೀವು ನೀರೂ ಕುಡಿಯಾಕಿಲ್ವಲ್ಲ ಮೇಡಂ. ಹೆಂಗ್ ತಡ್ಕಂತೀರಿ?"

"ಸಂಜೆ ಸಿಗುತ್ತೆ ಅಂತ ನಂಗೆ ಗೊತ್ತಿರುತ್ತಲ್ಲ ಅಣ್ಣ. ನಿಮ್ಮದಕ್ಕೆ ಸಂಜೆ ಇಲ್ಲ. ನಿಮ್ಮದೇ ಕಷ್ಟ."

ಅವರು ಬಾಟಲಿ ತೊಳೆಯಲು ಹೋದರು. ಆ ಮಾತು ಅವರಿಗೆ ಧೈರ್ಯ ಕೊಟ್ಟಿತೆಂದು ಎಷ್ಟೋ ದಿನದ ಮೇಲೆ ಹೇಳಿದರು. ಬೇರೆಯವರೆಲ್ಲ ಅದೇನು ಮಹಾ, ಬಿಟ್ಟುಬಿಡು ಎನ್ನುತ್ತಿದ್ದರಂತೆ.

ಎರಡನೇ ಬ್ಯಾಚಿನ ಮರಿಗಳನ್ನು ಗುಂಪು ಮಾಡಿದ ದಿನ ಅಷ್ಟರಲ್ಲಿ ಗಮ್ಮನ್ನೂ ಬಿಟ್ಟಿದ್ದ ಅಣ್ಣ ಹೊಸ ಗೌನು, ಗ್ಲೌಸು ಹಾಕಿಕೊಂಡು ಒಳಗೆ ಬಂದರು. ಗ್ಲೌಸಿಗೆ ಮರಿಗಳು ಹೆದರುತ್ತವೆ ಎಂಬುದು ಅವರ ಹಳೆಯ ತಕರಾರು. ಅದಕ್ಕೇ ಹುಟ್ಟಿದ ಕೆಲವೇ ದಿನಗಳಿಂದ ನಾನು ಗ್ಲೌಸಿನ ಕೈಯಲ್ಲೇ ಅವುಗಳನ್ನು ಎತ್ತಿ ಅಭ್ಯಾಸ ಮಾಡಿಸಿದ್ದೆ. ಅವು ಅವರ ಕೈಯಲ್ಲೂ ಸುಮ್ಮನಿದ್ದವು. ಮೊದಲ ಪ್ಲೇಟಿಗೆ ಮಾದರಿ ತೆಗೆಯುವಾಗ ಅಣ್ಣ ಒಂದು ಮುಚ್ಚಿದ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟರು.

"ನಂದೂ ಹಾಕಿ ನೋಡಿ ಮೇಡಂ."

ಬೇಡ ಅಣ್ಣ, ನಿಮ್ಮ ಮಾತು ಸಾಕು ಎಂದೆ. ಅವರು ಡಬ್ಬಿ ವಾಪಸು ತೆಗೆದುಕೊಳ್ಳಲಿಲ್ಲ.

"ನಿಮ್ಗೆ ಸಾಕು. ದೊಡ್ಮೇಡಂಗೆ, ಆಫೀಸ್‌ನೋರ್ಗೆ ಬೇಕಾಯ್ತದೆ. ಇಲಿಗೊಳ್ ಜೊತೇಲೇ ಹಾಕಿ."

ಮನುಷ್ಯರ ಮಾದರಿ ಪರೀಕ್ಷಿಸಲು ಲಿಖಿತ ಒಪ್ಪಿಗೆ, ಅದಕ್ಕೆ ಬೇರೆ ಅನುಮತಿ ಎಲ್ಲ ಬೇಕು. ಆ ಡಬ್ಬಿಯನ್ನು ಚೆಲ್ಲಿ, ದೊಡ್ಡ ಮೇಡಂ ಓಡಾಡಿ ಅನುಮತಿ ಮಾಡಿಸಿದ ಮೇಲೆ ಹೊಸದಾಗಿ ಮಾದರಿ ತೆಗೆದುಕೊಂಡೆ. ಪ್ಲೇಟಿನಲ್ಲಿ ಕಂಟ್ರೋಲ್ ಇಲಿಗಳ ಸಾಲು ಒಂದೇ ಸಮನೆ ಗಾಢ ಹಳದಿ. ಕೊನೆಯ ಗುಳಿ ಅಣ್ಣನದು. ಅದೂ ಅದೇ ಹಳದಿ. ತಟ್ಟೆಯನ್ನು ಅವರಿಗೆ ತೋರಿಸಿದೆ. ಯಾವುದು ತಮ್ಮದೆಂದು ಕೇಳಿ, ಬಗ್ಗಿ ನೋಡಿ, ನಕ್ಕರು. ಪ್ರಯೋಗ ಮುಗಿಯುವವರೆಗೆ ಪ್ರತಿ ಪ್ಲೇಟಿನಲ್ಲೂ ಅವರದೊಂದು ಗುಳಿ ಇತ್ತು.

ನಡವಳಿಕೆ ನೋಡಲು ಒಂದು ಪೆಟ್ಟಿಗೆ ಬೇಕಿತ್ತು. ಸತ್ಯಮಂಗಲದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ನನ್ನ ದೊಡ್ಡಣ್ಣ ಅಕ್ರಿಲಿಕ್ ಹಾಳೆ ಕತ್ತರಿಸಿ, ಮೂಲೆ ಬೆಸೆದು, ನಾಲ್ಕು ಗೋಡೆಯ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿಕೊಟ್ಟಿದ್ದ. ಇಂಜೆಕ್ಷನ್ ಕೊಟ್ಟ ಮೇಲೆ ಇಲಿಯನ್ನು ಅದರೊಳಗೆ ಬಿಡುವುದು, ಮೇಲಿನ ಕ್ಯಾಮೆರಾ ಅದರ ಓಡಾಟವನ್ನು ಹಿಡಿಯುವುದು. ಮೊದಲ ದಿನಗಳಲ್ಲಿ ನಿಕೋಟಿನ್ ಪಡೆದ ಇಲಿಗಳು ಮಂಕಾಗಿ ಮೂಲೆ ಹಿಡಿದವು. ದಿನ ಕಳೆದಂತೆ ಅದೇ ಪ್ರಮಾಣಕ್ಕೆ ಅವುಗಳ ಓಟ ಹೆಚ್ಚುತ್ತಾ ಹೋಯಿತು. ಪ್ರಮಾಣ ಅಷ್ಟೇ ಇದ್ದರೂ ಸ್ಪಂದನೆ ಬೆಳೆಯುತ್ತದೆ. ಮಿದುಳು ಹಿಂದಿನ ದಿನಗಳನ್ನು ಉಳಿಸಿಕೊಂಡಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಕಂಟ್ರೋಲ್ ಇಲಿಗಳು ಮಾತ್ರ ಪೆಟ್ಟಿಗೆ ಹಳೆಯದಾದಂತೆ ಆಸಕ್ತಿ ಕಳೆದುಕೊಂಡು ಸುಮ್ಮನಾದವು.

ನಿಕೋಟಿನ್ ನಿಲ್ಲಿಸಿ ಕೆಲವು ವಾರಗಳಾದ ಮೇಲೆ ಒಂದು ಪರೀಕ್ಷೆ ಇತ್ತು. ಅಂದು ಎರಡೂ ಗುಂಪಿಗೆ ಬರೀ ಸೆಲೈನ್. ಯಾವ ಇಲಿಗೂ ಓಡಲು ಕಾರಣವಿಲ್ಲ. ಕಂಟ್ರೋಲ್ ಇಲಿಗಳು ಎಂದಿನಂತೆ ಮೂಸಿ ನೋಡಿ ಕೂತವು. ಹಿಂದೆ ನಿಕೋಟಿನ್ ಪಡೆದಿದ್ದ ಇಲಿಯನ್ನು ಅಣ್ಣ ಪೆಟ್ಟಿಗೆಗೆ ಬಿಟ್ಟ ಕೂಡಲೇ ಅದು ಗೋಡೆಯ ಉದ್ದಕ್ಕೂ ಓಡತೊಡಗಿತು. ಇನ್ನೊಂದೂ ಹಾಗೆಯೇ. ಒಳಗೆ ಔಷಧಿ ಇಲ್ಲ, ಆ ಪೆಟ್ಟಿಗೆಯೇ ಸಾಕಾಗಿತ್ತು.

ನಾನು ಪರದೆಯ ಮೇಲೆ ಇಲಿಯ ಓಟದ ಗೆರೆ ನೋಡುತ್ತಿದ್ದೆ. ಅಣ್ಣ ಪೆಟ್ಟಿಗೆ ನೋಡುತ್ತಿದ್ದರು. ಸೂಜಿಯಲ್ಲಿ ಏನಿತ್ತು ಎಂದು ಮತ್ತೆ ಕೇಳಿದರು. ಉಪ್ಪುನೀರು ಅಷ್ಟೇ ಅಣ್ಣ ಎಂದೆ.

"ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಇಳಿತಿದ್ದಂಗೇ ನನ್ ಕೈ ಜೇಬಿಗೋಯ್ತದೆ ಮೇಡಂ. ಜೇಬಲ್ಲಿ ಏನೂ ಇಲ್ಲ ಅಂತ ಗೊತ್ತು, ಆದ್ರೂ ಓಯ್ತದೆ. ನನ್ಗೆ ಬುದ್ಧಿ ನೆಟ್ಗಿಲ್ವೇನೋ ಅನ್ಕಂಡಿದ್ದೆ."

ಬುದ್ಧಿಯ ವಿಷಯವಲ್ಲ ಅಣ್ಣ, ಅಷ್ಟು ವರ್ಷ ಆ ಜಾಗದಲ್ಲಿ ಸಿಕ್ಕಿದ್ದನ್ನು ಮಿದುಳು ಜಾಗದ ಜೊತೆಗೇ ಹೆಣೆದುಕೊಂಡಿದೆ ಎಂದೆ. ಅವರು ಇಲಿಯನ್ನು ಎತ್ತಿ, ಮೈದಡವಿ, ಪಂಜರಕ್ಕೆ ಬಿಟ್ಟರು. ಮುಂದಿನ ವಾರದಿಂದ ಬಸ್‌ಸ್ಟ್ಯಾಂಡಿಗಿಂತ ಒಂದು ಸ್ಟಾಪ್ ಮೊದಲೇ ಇಳಿದು ಊರಿನ ಆಟೋ ಹಿಡಿಯತೊಡಗಿದರು. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಿದುಳು ತೆಗೆದ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಅರಿವಳಿಕೆ ಕೊಟ್ಟು, ನೋವಾಗದಂತೆ, ನಿಯಮದಂತೆ ಮುಗಿಸಿದೆವು. ಅಂದು ಅಣ್ಣ ರಜೆ ಕೇಳಬಹುದೆಂದುಕೊಂಡಿದ್ದೆ. ಬಂದರು. ಒಂದೊಂದನ್ನೂ ತಾವೇ ಪಂಜರದಿಂದ ಎತ್ತಿ ಕೊಟ್ಟರು.

ಗಾಲ್ಗಿ ಬಣ್ಣ ಈ ಸಲ ಕೈಕೊಡಲಿಲ್ಲ. ಎರಡೂ ಗುಂಪಿನ ಮಿದುಳುಗಳನ್ನು ಒಂದೇ ದಿನ ತಯಾರಿಸಿದ ಒಂದೇ ದ್ರಾವಣದಲ್ಲಿಟ್ಟೆ. ಬೇರೆ ಬೇರೆ ಇಟ್ಟರೆ ಬಣ್ಣದ ವ್ಯತ್ಯಾಸವನ್ನೇ ಕೋಶದ ವ್ಯತ್ಯಾಸವೆಂದು ತಿಳಿಯುವ ಅಪಾಯವಿದೆ. ಸ್ಲೈಡುಗಳು ಸಿದ್ಧವಾದ ಮೇಲೆ ದೊಡ್ಡ ಮೇಡಂ ಎಲ್ಲದರ ಹೆಸರಿನ ಮೇಲೆ ಕಾಗದ ಅಂಟಿಸಿ, ತಮಗೆ ಮಾತ್ರ ಗೊತ್ತಿರುವ ಅಕ್ಷರಗಳನ್ನು ಬರೆದರು. ಯಾವುದು ಯಾವ ಗುಂಪಿನದೆಂದು ತಿಳಿಯದೆಯೇ ನಾನು ಎಣಿಸಬೇಕು. ಮೈಕ್ರೋಸ್ಕೋಪಿನಲ್ಲಿ ಕಾಣುವ ಕೋಶವನ್ನು ಕಾಗದದ ಮೇಲೆ ಗೆರೆಗೆರೆಯಾಗಿ ಬರೆದುಕೊಳ್ಳುವುದು, ಅದರ ಮೇಲೆ ಒಂದರೊಳಗೊಂದು ವೃತ್ತಗಳಿರುವ ಪಾರದರ್ಶಕ ಹಾಳೆ ಇಡುವುದು, ಪ್ರತಿ ವೃತ್ತವನ್ನು ಎಷ್ಟು ಕವಲು ದಾಟುತ್ತವೆ ಎಂದು ಎಣಿಸುವುದು. ಕಣ್ಣು ಉರಿದಾಗ ಕಿಟಕಿಯಾಚೆ ನೋಡಿ ಮತ್ತೆ ಕೂರುತ್ತಿದ್ದೆ. ಮಳೆಗಾಲ ಪೂರ್ತಿ ಇದರಲ್ಲೇ ಹೋಯಿತು.

ಕೊನೆಯ ಕೋಶ ಎಣಿಸಿದ ಮೇಲೆ ದೊಡ್ಡ ಮೇಡಂ ಕಾಗದಗಳನ್ನು ಕಿತ್ತರು. ನಾವಿಬ್ಬರೂ ಅಂಕಿಗಳನ್ನು ಎರಡು ಕಡೆ ಹಾಕುತ್ತಾ ಹೋದೆವು. ನಿಕೋಟಿನ್ ಪಡೆದ ಇಲಿಗಳ ಕೋಶಗಳು ಹೆಚ್ಚು ಕವಲೊಡೆದಿದ್ದವು, ಕವಲುಗಳ ಮೇಲೆ ಮುಳ್ಳುಗಳು ದಟ್ಟವಾಗಿದ್ದವು. ನಿಲ್ಲಿಸಿ ವಾರಗಳಾಗಿದ್ದರೂ ಹಾಗೆಯೇ ಇದ್ದವು. ದೊಡ್ಡ ಮೇಡಂ ಇನ್ನೊಮ್ಮೆ ಕೂಡಿ ನೋಡಿ, ಪೆನ್ನು ಕೆಳಗಿಟ್ಟು, ನನ್ನ ಬೆನ್ನು ತಟ್ಟಿದರು. ಅವರು ಹಾಗೆ ಮಾಡಿದ್ದು ಅದೇ ಮೊದಲು.

ಕವಲು ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಓದುವಾಗ, ಕೆಲಸ ಕಲಿಯುವಾಗಲೂ ಕವಲು ಬೆಳೆಯುತ್ತವೆ. ಇಲ್ಲಿ ಬೆಳೆದದ್ದು ಒಂದೇ ಸುದ್ದಿಗಾಗಿ ಕಾದು ಕೂರುವ ಕವಲು. ಆ ಪೆಟ್ಟಿಗೆ, ಆ ವಾಸನೆ, ಆ ಬಸ್‌ಸ್ಟ್ಯಾಂಡು ಎದುರಾದರೆ ಸಾಕು, ಎಲ್ಲವೂ ಎಚ್ಚರಗೊಳ್ಳುತ್ತವೆ.

ಅಣ್ಣನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಮೊದಲು ಕಂಟ್ರೋಲ್ ಇಲಿಯ ಕೋಶ, ಆಮೇಲೆ ನಿಕೋಟಿನ್ ಇಲಿಯದು. ಬಹಳ ಹೊತ್ತು ಒಂದು ಕಣ್ಣು ಮುಚ್ಚಿ ನೋಡಿದರು.

"ಬುಟ್ ಮೇಲೆ ಇವು ಉದುರೋಯ್ತವಾ ಮೇಡಂ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಾವು ನೋಡಿದಷ್ಟು ದಿನ ಉದುರಲಿಲ್ಲ, ಇನ್ನೂ ಹೆಚ್ಚು ಕಾಲ ಬಿಟ್ಟರೆ ಏನಾಗುತ್ತದೋ ನಾವು ನೋಡಿಲ್ಲ, ಮನುಷ್ಯರಲ್ಲಿ ಹೇಗೋ ಅದನ್ನೂ ಈ ಇಲಿಗಳಿಂದ ಹೇಳಲಾಗದು ಎಂದೆ. ಅವರು ಮತ್ತೊಮ್ಮೆ ಕಣ್ಣಿಟ್ಟು ನೋಡಿದರು.

"ಇದ್ರೆ ಇರ್ಲಿ ಬುಡಿ. ಅವು ಕೇಳ್ತವೆ ಅಂತ ನಾನು ಕೊಡ್ಬೇಕು ಅಂತೇನಿಲ್ವಲ್ಲ."

ದೊಡ್ಡ ಮೇಡಂ ನಿವೃತ್ತರಾಗುವ ಮೊದಲೇ ಪ್ರಬಂಧ ಸಲ್ಲಿಸಿದೆ. ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹೊರಗಿನಿಂದ ಒಬ್ಬ ಹಿರಿಯ ಪರೀಕ್ಷಕರು ಬಂದಿದ್ದರು. ಸೆಮಿನಾರ್ ಹಾಲಿನಲ್ಲಿ ನನ್ನ ಅಪ್ಪ ಅಮ್ಮ, ದೊಡ್ಡಣ್ಣ, ವಿದ್ಯಾರ್ಥಿಗಳು, ಹಿಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಅಣ್ಣ. ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಗ್ರಾಫುಗಳ ಬಗ್ಗೆ, ಎಣಿಕೆಯ ವಿಧಾನದ ಬಗ್ಗೆ ಪರೀಕ್ಷಕರು ಬಿಡದೆ ಕೇಳಿದರು. ಆಮೇಲೆ ವಿಧಾನದ ಅಧ್ಯಾಯದ ಒಂದು ಸಾಲಿನ ಮೇಲೆ ಬೆರಳಿಟ್ಟು, ಇಂಥ ವಾಕ್ಯವನ್ನು ತಾವು ಬೇರೆಲ್ಲೂ ಓದಿಲ್ಲ, ಇದನ್ನು ಹೇಗೆ ಖಚಿತ ಮಾಡಿಕೊಂಡಿರಿ ಎಂದರು. ನಾನು ಮೊದಲ ಬ್ಯಾಚು ಕೈಬಿಟ್ಟದ್ದನ್ನು ಹೇಳಿದೆ, ಅದರ ಕಾರಣ ಹೇಳಿದೆ. ಇಲಿಗಳ ಪ್ರತಿ ಪ್ಲೇಟಿನಲ್ಲೂ ಅವುಗಳನ್ನು ನೋಡಿಕೊಳ್ಳುವವರ ಮಾದರಿಯೂ ಇತ್ತು, ಅವರು ತಾವಾಗಿಯೇ ಕೇಳಿ ಕೊಟ್ಟದ್ದು, ಅಂಕಿಗಳು ಅನುಬಂಧದಲ್ಲಿವೆ ಎಂದೆ. ಪರೀಕ್ಷಕರು ಪುಟ ತಿರುವಿ ಆ ಅಂಕಿಗಳನ್ನು ಓದಿದರು. ತಲೆಯೆತ್ತಿ, ಅವರು ಇಲ್ಲಿದ್ದಾರೆಯೇ ಎಂದು ಕೇಳಿದರು. ದೊಡ್ಡ ಮೇಡಂ ಹಿಂದಿನ ಸಾಲಿನತ್ತ ತೋರಿಸಿದರು. ಎಲ್ಲರೂ ತಿರುಗಿದರು. ಅಣ್ಣ ಏನೆಂದು ತಿಳಿಯದೆ ಎದ್ದು ನಿಂತರು. ಪರೀಕ್ಷಕರು ಅವರಿಗೆ ಕೈಮುಗಿದರು.

ಡಾಕ್ಟರೇಟ್ ಘೋಷಣೆಯಾಗಿ, ಅಮ್ಮ ತಂದಿದ್ದ ಸಿಹಿ ಹಂಚಿದ ಮೇಲೆ ಅಣ್ಣ ನನ್ನನ್ನು ಕಾರಿಡಾರಿನಲ್ಲಿ ಹಿಡಿದರು.

"ಎಲ್ರೂ ನನ್ ಕಡೆ ತಿರುಗಿದ್ರಲ್ಲ, ಏನ್ ಬರ್ದಿದ್ರಿ ಮೇಡಂ?"

ಪುಸ್ತಕ ತೆಗೆದು ಆ ಸಾಲನ್ನು ತೋರಿಸಿ ಕನ್ನಡದಲ್ಲಿ ಹೇಳಿದೆ. "ಪ್ರಯೋಗ ನಡೆದಷ್ಟು ಕಾಲ ಪ್ರಾಣಿಗಳನ್ನು ನೋಡಿಕೊಂಡವರು ಯಾವುದೇ ರೂಪದಲ್ಲಿ ತಂಬಾಕು ಬಳಸುತ್ತಿರಲಿಲ್ಲ."

ಇನ್ನೊಮ್ಮೆ ಹೇಳಿಸಿದರು. ಹೆಸರು ಹಾಕುವ ಪದ್ಧತಿ ಇಲ್ಲ ಅಣ್ಣ, ಅದಕ್ಕೇ ನಿಮ್ಮ ಹೆಸರಿಲ್ಲ ಎಂದೆ.

"ಹೆಸ್ರು ಬ್ಯಾಡ ಬುಡಿ. ಅದು ನಿಜ ತಾನೆ?"

"ನಿಜ ಅಣ್ಣ. ಈ ಪುಸ್ತಕದಲ್ಲಿ ಎಲ್ಲಕ್ಕಿಂತ ಕಷ್ಟಪಟ್ಟು ನಿಜ ಮಾಡಿದ ಮಾತು ಅದೇ."

ಅವರು ಜೇಬಿನಿಂದ ಫೋನ್ ತೆಗೆದು ಆ ಪುಟದ ಫೋಟೊ ಹಿಡಿದರು. ಮಗಳು ಇಂಗ್ಲಿಷ್ ಓದ್ತಾಳೆ, ಅವಳೇ ಓದ್ಲಿ ಎನ್ನುತ್ತಾ ಊರಿಗೆ ಕಳಿಸಿದರು.